ಕರಿ ಎರಡಕ್ಕೆ ಕೂಡಿಸಿದ ಎಂಜಿನ್ನು

ಇಳಕಲ್, ೫ ನವೆಂಬರ್ ೧೯೮೬, ಬುಧವಾರ

ಖುರ್ಚಿಯ ಮೇಲೆ ವಿರಾಜಮಾನರಾದ ಮಹನೀಯರೇ, ಚಾಪೆಯ ಮೇಲೆ ಕೂಸುಗಳನ್ನು ಮಲಗಿಸಿಕೊಂಡು ಕುಳಿತ ತಾಯಂದಿರೇ, ಟಿಕೀಟು ತೆಗೆಯದೆ ತಗಡಿನ ಸಂದಿಯಲ್ಲಿ ಕಣ್ಣಿಟ್ಟ ಪುಂಡರೇ, ಎಲ್ಲರೂ ಗದ್ದಲ ಬಿಟ್ಟು ಕೇಳಬೇಕು. ಈ ನೋಟುಬುಕ್ಕಿನೊಳಗೆ ನೀವು ಯಾರೂ ಇಲ್ಲ ಎಂಬುದು ನನಗೆ ಗೊತ್ತು. ಇದನ್ನು ನಾನು ಬಿಟ್ಟರೆ ಇನ್ನೊಬ್ಬರು ಓದುವುದೂ ಇಲ್ಲ. ಆದರೆ ಖಾಲಿ ತಂಬುವಿನ ಮುಂದೆಯೂ ನಾಂದಿ ನುಡಿಸಿದವನ ಮಗ ನಾನು. ಅಪ್ಪ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರ. ನಾನು ಹುಟ್ಟಿದ್ದು ಪಡದೆಯ ಹಿಂದೆ, ಕಸಬು ಕಲಿತದ್ದು ಕಂಪನಿಯ ಲಾರಿಯ ಕೆಳಗೆ. ಕಂಪನಿ ಮುಳುಗಿ ಹದಿನೈದು ವರ್ಷವಾಯಿತು. ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ರಾಚಪ್ಪ ಮಾಸ್ತರನ ಗ್ಯಾರೇಜು ಎಲ್ಲಿ ಎಂದು ಯಾರನ್ನಾದರೂ ಕೇಳಿ; ಕಿವಿಯಿಂದ ಎಂಜಿನ್ನು ಕೂಡಿಸುವ ಮಾಸ್ತರನೇನು ಎಂದು ಅವರೇ ತಿರುಗಿ ಕೇಳುತ್ತಾರೆ.

ಅಪ್ಪನ ಹಾರ್ಮೋನಿಯಂ ಪೆಟ್ಟಿಗೆ ಗ್ಯಾರೇಜಿನ ಮೂಲೆಯಲ್ಲಿ ಈಗಲೂ ಇದೆ. ಅಂಬಾಸಿಡರ್ ಗಾಡಿ ನಿಂತಲ್ಲಿ ಕರಿ ಎರಡರ, ಅಂದರೆ ಪೆಟ್ಟಿಗೆಯ ಎರಡನೆಯ ಕಪ್ಪು ಮನೆಯ, ಸ್ವರದಲ್ಲಿ ಗುನುಗಬೇಕು, ಇದು ನನ್ನ ಶಾಸ್ತ್ರ. ಪೆಟ್ಟಿಗೆಯಲ್ಲಿ ಆ ಸ್ವರ ಹಿಡಿದು, ಕಿವಿಯಲ್ಲಿ ಇಟ್ಟುಕೊಂಡು ಬಂದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗುತ್ತೇನೆ. ಎರಡೂ ಒಂದಾದ ಕೂಡಲೇ ನಟ್ಟು ಬಿಗಿ. ಮೂವತ್ತು ವರ್ಷದ ಕಸಬಿನಲ್ಲಿ ಒಂದು ಗಾಡಿಯೂ ತಿರುಗಿ ಬಂದಿಲ್ಲ.

ಇವತ್ತು ಹುನಗುಂದದ ಕಲ್ಲಿನ ವ್ಯಾಪಾರಿ ಅಮಾತೆಪ್ಪನವರ ಅಂಬಾಸಿಡರ್ ಬಂತು. ನಡೆಸಿಕೊಂಡು ಬಂದವನು ಡ್ರೈವರ್ ದುರ್ಗಪ್ಪ, ಅವರ ಹತ್ತಿರ ಹನ್ನೊಂದು ವರ್ಷದಿಂದ ಇದ್ದಾನೆ.

“ಮಾಸ್ತರ, ಏರು ಬಂತಂದ್ರ ಗಾಡಿ ಜಗ್ಗಂಗಿಲ್ಲ, ಕುಪ್ಪಳಸ್ತೈತಿ” ಎಂದರು ಅಮಾತೆಪ್ಪ. “ಪಾಯಿಂಟು ತಗಸಿ ಕಿಡಿಗೆ ಎಲೆಕ್ಟ್ರಾನಿಕ್ ಡಬ್ಬಿ ಹಾಕಿಸೀನಿ. ಡಬ್ಬಿ ಕೆಟ್ಟೈತೋ, ಈ ಮಗನ ಕಾಲು ಕೆಟ್ಟೈತೋ, ನೀವ ಹೇಳಬೇಕು. ಕಾಲು ಕೆಟ್ಟಿದ್ರ ಬ್ಯಾರೆ ಕಾಲು ನೋಡ್ತೇನಿ.”

ಅವರು ಚಹಾದಂಗಡಿಗೆ ಹೋದ ಮೇಲೆ ದುರ್ಗಪ್ಪ ಬಾನೆಟ್ಟು ಒರೆಸುತ್ತ ಹತ್ತಿರ ಬಂದ. “ಮಾಸ್ತರ, ನನ್ನ ಮ್ಯಾಲ ಹಾಕಬ್ಯಾಡ್ರಿ. ಸಾಲಿ ಕಲ್ತಾವಲ್ಲ ನಾ. ಸ್ಟೇರಿಂಗ್ ಹಿಡಿಯೂದೊಂದ ಗೊತ್ತು.”

“ಹೆದರಬ್ಯಾಡ ದುರ್ಗಪ್ಪ, ಇದು ರಾಚಪ್ಪನ ದರ್ಬಾರು. ಇಲ್ಲಿ ನಿರಪರಾಧಿಗೆ ಶಿಕ್ಷಾ ಇಲ್ಲ.”

“ಸಾವಕಾಶ ಮಾತಾಡ್ರಿ. ಚಾದಂಗಡಿ ಮಂದಿ ಎಲ್ಲಾ ಇತ್ಲಾಗ ನೋಡಾಕತ್ತೈತಿ.”

ನೋಡಲಿ. ಕಡೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟದ ಮಾತು ಮಾತೇ ಅಲ್ಲ.

೭ ನವೆಂಬರ್, ಶುಕ್ರವಾರ

ಡಬ್ಬಿಯ ಗಾಡಿಗೆ ಪಾಯಿಂಟಿನ ಸಂದು ನೋಡಿ ಕೂಡಿಸುವ ದಾರಿ ಇಲ್ಲ. ಪಾಯಿಂಟೇ ಇಲ್ಲವಲ್ಲ. ಬಾಗಲಕೋಟೆಯ ಗುರಪ್ಪ, ಗಾಡಿಗಳ ಕರೆಂಟಿನ ಕೆಲಸದವನು, ಹಿಂದೆ ಕೊಟ್ಟಿದ್ದ ಟೈಮಿಂಗ್ ಲೈಟು ಹೊರತೆಗೆದೆ. ಪಿಸ್ತೂಲಿನ ಆಕಾರ. ಅದರ ಚಿಮುಟವನ್ನು ಒಂದನೆಯ ಪ್ಲಗ್ಗಿನ ವೈರಿಗೆ ಕಚ್ಚಿಸಬೇಕು. ಕಿಡಿ ಹಾರಿದಾಗಲೆಲ್ಲ ಲೈಟು ಮಿಂಚುತ್ತದೆ. ಆ ಮಿಂಚಿನಲ್ಲಿ ಗರಗರ ತಿರುಗುವ ಪುಲ್ಲಿ ಚಕ್ರದ ಮೇಲಿನ ಗುರುತು ನಿಂತಂತೆ ಕಾಣುತ್ತದೆ. ಗುರುತು ಎಂಜಿನ್ನಿಗೆ ಜಡಿದ ಮುಳ್ಳಿನ ಎದುರಿಗೆ ನಿಂತರೆ ಕಿಡಿ ಹೊತ್ತಿಗೆ ಸರಿಯಾಗಿ ಹಾರುತ್ತಿದೆ ಎಂದು ಅರ್ಥ. ಮುಳ್ಳಿಗಿಂತ ಹಿಂದುಳಿದರೆ ಕಿಡಿ ತಡ, ಗಾಡಿ ತೂಕಡಿಸುತ್ತದೆ. ಮುಂದೆ ಹೋದರೆ ಕಿಡಿ ಅವಸರ. ಏರಿನ ಮೇಲೆ ಎಂಜಿನ್ನು ಟಕಟಕ ಎಂದು ಬಡಿದುಕೊಂಡು ಕೊನೆಗೆ ಪಿಸ್ಟನ್ ಸುಟ್ಟುಕೊಳ್ಳುತ್ತದೆ.

ಹಗಲಿನಲ್ಲಿ ಮಿಂಚು ಕಾಣದು. ಕಂಪನಿಯ ಅಡವಿ ಸೀನಿನ ಹಳೆಯ ಪಡದೆಯನ್ನು ಗಾಡಿಯ ಮೂತಿಯ ಮೇಲೆ ಹೊದಿಸಿ ಅದರೊಳಗೆ ಬೋರಲು ಮಲಗಿದೆ. ಲೈಟು ಮಿಂಚಿತು. ಗುರುತು ಒಂದಲ್ಲ, ಮೂರು. ಒಂದು ಮುಳ್ಳಿನ ಹಿಂದೆ, ಒಂದು ಮುಂದೆ, ಮೂರನೆಯದು ಎಲ್ಲಿಯೋ ಕೆಳಗೆ ಕುಣಿಯುತ್ತಿತ್ತು. ಒಬ್ಬನೇ ನಟ ಮೂರು ವೇಷ ಹಾಕಿಕೊಂಡು ಒಂದೇ ಸೀನಿನಲ್ಲಿ ಬಂದರೆ ಯಾರ ಮಾತನ್ನು ನಂಬುವುದು? ದುರ್ಗಪ್ಪ ಎಕ್ಸಲೇಟರ್ ಒತ್ತಿದಾಗ, ಮುಂದೆ ಹೋಗಬೇಕಾದ ಮೂರೂ ಹಿಂದಕ್ಕೆ ಓಡಿದವು.

ಹೆಂಡತಿ ಶಿವಬಸವ್ವ ಮಗ್ಗ ಬಿಟ್ಟಂತಿದೆ. ಗ್ಯಾರೇಜಿಗೆ ಹೊಂದಿದ ಮನೆಯ ಹಿಂದಿನ ಕೋಣೆಯಿಂದ ಲಾಳಿಯ ಸದ್ದು ಬಂದು ಎಷ್ಟೋ ದಿನವಾಯಿತು. ಮೈ ನೆಟ್ಟಗಿಲ್ಲವೇ ಎಂದು ಕೇಳಿದರೆ ನನ್ನನ್ನೇ ದುರುಗುಟ್ಟಿ ನೋಡಿದಳು. ಆದರೂ ನಿನ್ನೆ ಗೋಮಿ ಅಂಚಿನ ಹೊಸ ಸೀರೆಯೊಂದನ್ನು ಮಡಿಸಿ ಇಟ್ಟಿದ್ದಳು. ನಾನು ಪೇಟೆಗೆ ಹೋದಾಗ ನೇಯುತ್ತಾಳೆಂದು ಕಾಣುತ್ತದೆ.

೯ ನವೆಂಬರ್, ಭಾನುವಾರ

ಬಾಗಲಕೋಟೆಗೆ ಹೋಗಿ ಬಂದೆ. ಗುರಪ್ಪ ನನ್ನನ್ನು ಕಂಡು ನಕ್ಕ. “ಏನ್ ಮಾಸ್ತರ, ಕಿವಿ ಬಿಟ್ಟು ಕಣ್ಣಿಗೆ ಇಳದ್ರಿ?”

“ಕಾಲ ಬಂದ್ರ ರಾಜನೂ ಸೇವಕನ ಪಾರ್ಟು ಮಾಡಬೇಕಾಗ್ತೈತಿ.”

“ಯಾಕ ಒದರ್ತೀರಿ, ನಾ ಇಲ್ಲೇ ಇದೀನಲ್ಲ” ಎಂದು ಅವನು ಹೇಳಿಕೊಟ್ಟ. ಚಿಮುಟದ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಅದರ ಮೊನೆ ಪ್ಲಗ್ಗಿನ ಕಡೆಗೇ ಇರಬೇಕು. ಕಿಡಿ ಹುಟ್ಟಿಸುವ ಕಾಯಿಲ್ ವೈರಿನ ಹತ್ತಿರ, ಬೇರೆ ಪ್ಲಗ್ಗಿನ ವೈರಿನ ಹತ್ತಿರ ಚಿಮುಟ ಹೋಗಬಾರದು. ಡಬ್ಬಿಯ ಕಿಡಿ ಜೋರು, ಪಕ್ಕದ ವೈರಿನದನ್ನೂ ಲೈಟು ತನ್ನದೆಂದು ತಿಳಿಯುತ್ತದೆ. ಲೈಟಿಗೆ ಬೇರೆ ಬ್ಯಾಟರಿ ಕೊಡಬೇಕು. “ಇಷ್ಟು ಮಾಡಿದ್ರೂ ಎಕ್ಸಲೇಟರ್ ಒತ್ತಿದಾಗ ಗುರುತು ಹಿಂದ ಹೋತಂದ್ರ, ಡಿಸ್ಟ್ರಿಬ್ಯೂಟರಿನಿಂದ ಡಬ್ಬಿಗೆ ಬರೋ ಎರಡು ವೈರು ಅದಲಬದಲ ಆಗಿರ್ತಾವ. ಹಾಕಿದಾವ ಹೆಬ್ಬಟ್ಟು. ತಿರುವಿ ಹಚ್ಚರಿ.”

ಹೊರಡುವಾಗ ಅವನು ಕೈಗಡಿಯಾರ ಬಿಚ್ಚಿ ನನ್ನ ಎಡಗಿವಿಯ ಹತ್ತಿರ ಹಿಡಿದ, ಆಮೇಲೆ ಬಲಗಿವಿಗೆ. ಏನಪ್ಪಾ ಇದು ಎಂದೆ. ಏನಾದರೂ ಕೇಳಿಸುತ್ತದೆಯೇ ಎಂದ. “ನಿಂತೈತಿ. ಚಾವಿ ಕೊಡು” ಎಂದೆ. ಅವನು ಚಾವಿ ಕೊಡದೆ ಅದನ್ನು ಮತ್ತೆ ಕೈಗೆ ಕಟ್ಟಿಕೊಂಡ. ನಿಂತ ಗಡಿಯಾರ ಕಟ್ಟಿಕೊಂಡು ತಿರುಗುವವನು ನನಗೆ ಟೈಮಿಂಗ್ ಕಲಿಸುತ್ತಾನೆ.

೧೦ ನವೆಂಬರ್, ಸೋಮವಾರ

ಜಯಭೇರಿ ಬಾರಿಸಿರಿ.

ಚಿಮುಟದ ಬಾಣ ಉಲ್ಟಾ ಇತ್ತು, ನನ್ನದೇ ತಪ್ಪು. ಕಾಯಿಲ್ ವೈರಿಗೂ ತಾಗಿತ್ತು. ಸರಿಪಡಿಸಿ, ಪಕ್ಕದ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಲೈಟಿಗೆ ಕರೆಂಟು ಕೊಟ್ಟೆ. ಮೂರು ಗುರುತು ಒಂದಾದವು. ದುರ್ಗಪ್ಪ ಎಕ್ಸಲೇಟರ್ ಒತ್ತಿದ. ಗುರುತು ಹಿಂದಕ್ಕೆ ಜಾರಿತು. ಗುರಪ್ಪ ಹೇಳಿದಂತೆ ಎರಡು ವೈರು ತಿರುವಿ ಹಚ್ಚಿ ಗುರುತನ್ನು ಮುಳ್ಳಿಗೆ ತಂದೆ. ಈಗ ನಿಂತಲ್ಲಿ ಗುರುತು ಮುಳ್ಳಿನ ಎದುರಿಗೆ ಕಲ್ಲಿನಲ್ಲಿ ಕಡೆದಂತೆ ನಿಲ್ಲುತ್ತದೆ, ಎಕ್ಸಲೇಟರ್ ಒತ್ತಿದರೆ ಎಷ್ಟು ಮುಂದೆ ಹೋಗಬೇಕೋ ಅಷ್ಟೇ ಹೋಗುತ್ತದೆ. ಏರಿನಲ್ಲಿ ಕುಪ್ಪಳಿಸುತ್ತಿದ್ದುದು ವೈರಿನ ದೋಷ. ದುರ್ಗಪ್ಪನ ಕಾಲು ನಿರಪರಾಧಿ.

ಪಡದೆಯಿಂದ ಹೊರಬಂದು ತೀರ್ಪು ಸಾರಿದೆ. ದುರ್ಗಪ್ಪ ನನ್ನ ಪಾದಕ್ಕೆ ಬಗ್ಗಿದ. “ಮನ್ಯಾಗ ಮರೆವ್ವ ನಾಕು ದಿನದಿಂದ ನೆಟ್ಟಗ ಉಂಡಿಲ್ರಿ, ಕೆಲಸ ಹೋಗ್ತೈತಂತ” ಎಂದ. ಮರೆವ್ವ ಅವನ ಹೆಂಡತಿ.

೧೧ ನವೆಂಬರ್, ಮಂಗಳವಾರ

ನಿನ್ನೆ ಜಯಭೇರಿ ಎಂದು ಬರೆದೆ. ಇವತ್ತು ಮುಂಜಾನೆ ಕಿವಿಗೊಟ್ಟು ಕೇಳಿದರೆ ಎಂಜಿನ್ನು ಕಂಬಳಿ ಹೊದ್ದು ಮಾತಾಡಿದಂತೆ ಇದೆ. ಸ್ವರಕ್ಕೆ ಮೊನೆಯೇ ಇಲ್ಲ. ಕರಿ ಎರಡು ಎಲ್ಲಿ, ಇದೆಲ್ಲಿ. ಪೆಟ್ಟಿಗೆ ನುಡಿಸಿದೆ, ಅದರ ಸ್ವರವೂ ಮಂಕಾಗಿದೆ, ಒಳಗೆ ಹುಳ ಬಿದ್ದಿರಬೇಕು. ಆದರೆ ಅಪ್ಪನ ಕರಿ ಎರಡು ನನ್ನ ಎದೆಯಲ್ಲಿದೆ, ಅದಕ್ಕೆ ಹುಳ ಬೀಳದು.

ಡಿಸ್ಟ್ರಿಬ್ಯೂಟರ್ ಸಡಿಲಿಸಿ ತಿರುಗಿಸುತ್ತ ಹೋದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಕೊನೆಗೆ ಎಂಜಿನ್ನಿಗೆ ಚೂಪು ಬಂತು, ಹಾಡಿತು. ನಟ್ಟು ಬಿಗಿ ಮಾಡಿದೆ. ಲೈಟು ಹಿಡಿದು ನೋಡಿದರೆ ಗುರುತು ಮುಳ್ಳಿಗಿಂತ ಎರಡು ಬೆರಳು ಮುಂದೆ.

ಮೂರು ದಿನ ಮೂರು ವೇಷದಲ್ಲಿ ಸುಳ್ಳು ಹೇಳಿದ ಲೈಟು ನಾಲ್ಕನೆಯ ದಿನ ಸತ್ಯವಂತನಾಯಿತು ಎಂದು ಹೇಗೆ ನಂಬುವುದು? ಡಬ್ಬಿಯ ಗಾಡಿಗೆ ಲೈಟು ಮೋಸಮಾಡುತ್ತದೆ ಎಂದು ಕಣ್ಣಾರೆ ಕಂಡಾಗಿದೆ. ಲೈಟನ್ನು ಚೀಲಕ್ಕೆ ಹಾಕಿ ಇಟ್ಟೆ.

ದುರ್ಗಪ್ಪ ಅಮೀನಗಡದ ಹಾದಿಯಲ್ಲಿ ಒಂದು ಸುತ್ತು ಹೊಡೆದು ಬಂದ. “ಮಾಸ್ತರ, ಏರಿನ್ಯಾಗ ಟಕಟಕ ಅಂತೈತ್ರಿ. ನಿನ್ನೆ ಇರಲಿಲ್ಲ.”

ನಾನೇ ಅವನ ಪಕ್ಕ ಕುಳಿತು ಅದೇ ಏರು ಹತ್ತಿಸಿದೆ. ಅವನು ಬೆರಳೆತ್ತಿ “ನೋಡ್ರಿ, ಈಗ, ಈಗ” ಎಂದ. ಏನೂ ಇಲ್ಲ. ರೇಷ್ಮೆಯಂತೆ ಹೋಗುತ್ತಿತ್ತು.

“ನಿನಗ ಅಂಜಿಕಿ, ಅದಕ್ಕ ಎದಿ ಬಡಕೊಳ್ಳಾಕತ್ತೈತಿ. ಅದನ್ನ ಎಂಜಿನ್ನು ಅಂತ ತಿಳದೀ” ಎಂದೆ. ಅವನು ಬೆರಳಿಳಿಸಿ ಗಾಡಿ ತಿರುಗಿಸಿದ.

ಮನೆಗೆ ಬಂದರೆ ಶಿವಬಸವ್ವನ ಸಿಟ್ಟು. “ಮೂರು ಸಲ ಕರದ್ನಿ, ಊಟಾ ಆರಿ ಹೋತು. ನೀವೇನು ಕಲ್ಲಿನ ಬಸವಣ್ಣ ಆಗೀರೇನು?”

೧೨ ನವೆಂಬರ್, ಬುಧವಾರ

ಅಮಾತೆಪ್ಪ ಗಾಡಿ ಒಯ್ಯಲು ಬಂದರು. ಚಹಾದಂಗಡಿಯಿಂದ ಹತ್ತಾರು ಜನ ಸುತ್ತ ನಿಂತರು. ಇಂಥ ಸಭೆ ಸಿಕ್ಕು ಎಷ್ಟು ವರ್ಷವಾಗಿತ್ತು.

“ಡಬ್ಬಿಯೋ ಕಾಲೋ, ಹೇಳ್ರಿ ಮಾಸ್ತರ.”

ವೈರಿನ ಕಥೆ ಹೇಳಿದೆ. ಡಬ್ಬಿಯೂ ನಿರಪರಾಧಿ, ಕಾಲೂ ನಿರಪರಾಧಿ ಎಂದೆ. ಅಷ್ಟಕ್ಕೆ ಪಡದೆ ಬೀಳಿಸಬೇಕಿತ್ತು. ಆದರೆ ಜನರ ಕಣ್ಣು ನನ್ನ ಮೇಲಿತ್ತು, ಸೀನಿಗೆ ಒಂದು ಕಡೆಯ ಮಾತು ಬೇಕಾಗಿತ್ತು. ಬಾನೆಟ್ಟಿನ ಮೇಲೆ ಕೈ ಬಡಿದು ಹೇಳಿದೆ: “ಇದು ರಾಚಪ್ಪ ಕೂಡಿಸಿದ ಎಂಜಿನ್ನು. ಇನ್ನ ಮ್ಯಾಲ ಇದಕ್ಕ ಏನರ ಆತಂದ್ರ ಅದು ಗಾಡಿ ತಪ್ಪಲ್ಲ, ನಡಸಾಂವನ ತಪ್ಪು.”

ಯಾರೋ ಚಪ್ಪಾಳೆ ತಟ್ಟಿದರು. ದುರ್ಗಪ್ಪ ನನ್ನನ್ನು ಒಮ್ಮೆ ನೋಡಿ, ಹೋಗಿ ಸೀಟಿನಲ್ಲಿ ಕುಳಿತ.

೧೬ ನವೆಂಬರ್, ಭಾನುವಾರ

ಅಂಬಾಸಿಡರನ್ನು ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ನೆಂಟರನ್ನು ತುಂಬಿಕೊಂಡು ಬಾದಾಮಿಗೆ ಹೊರಟಿದ್ದರಂತೆ. ಏರಿನಲ್ಲಿ ಎಂಜಿನ್ನು ಹೊಗೆ ಉಗುಳಿ ನಿಂತಿದೆ.

“ನೀವ ಹೇಳಿದ್ರಲ್ಲ ಮಾಸ್ತರ, ನಡಸಾಂವನ ತಪ್ಪಂತ” ಎಂದರು ಅಮಾತೆಪ್ಪ. ಸಿಟ್ಟು ಇರಲಿಲ್ಲ, ಕಾಗದ ಓದಿ ಹೇಳಿದಂತೆ ಹೇಳಿದರು. “ಇವನ್ನ ಅಲ್ಲೇ ಇಳಿಸಿ ಬಿಟ್ಟೆ. ಬಸ್ಸಿಗೆ ಬಂದಾನ ನೋಡ್ರಿ.”

ದುರ್ಗಪ್ಪ ಬಾಗಿಲಲ್ಲಿ ನಿಂತಿದ್ದ. “ಟಕಟಕ ಅಂತಿತ್ರೀ ಯಪ್ಪಾ. ಮಾಸ್ತರಿಗೆ ನಾ ಹೇಳಿದ್ದೆ. ಕೇಳ್ರಿ ಅವರನ್ನ.”

ಎಲ್ಲರೂ ನನ್ನ ಕಡೆಗೆ ತಿರುಗಿದರು. ನನ್ನ ಎದೆಯಲ್ಲಿ ಆರು ನಾಟಕದ ಮಾತುಗಳಿವೆ. ಒಂದೂ ಬರಲಿಲ್ಲ. ಎಂಜಿನ್ನು ಬಿಚ್ಚಿ ನೋಡಬೇಕು ಎಂದೆ.

೧೭ ನವೆಂಬರ್, ಸೋಮವಾರ

ಬಿಚ್ಚಿದೆ. ಎರಡನೆಯ ಪಿಸ್ಟನ್ನಿನ ನೆತ್ತಿಯಲ್ಲಿ ತೂತು, ಅಂಚು ಮೇಣದಂತೆ ಕರಗಿದೆ. ಮೂರನೆಯದರ ಮೈ ತುಂಬ ಸಿಡುಬಿನ ಕಲೆಯಂಥ ಗುಳಿ. ನಾಲ್ಕು ಪ್ಲಗ್ಗುಗಳೂ ಬೆಳ್ಳಗೆ ಸುಟ್ಟಿವೆ. ಕಾಲಿನಿಂದ ಹೀಗೆ ಆಗುವುದಿಲ್ಲ. ಕಿಡಿ ಅವಸರವಾಗಿ ಹಾರಿ, ಬಹಳ ಹೊತ್ತು ಟಕಟಕ ಎಂದು ಬಡಿದುಕೊಂಡ ಎಂಜಿನ್ನಿನ ಲಕ್ಷಣ ಇದು. ಕಲಿಯುವ ಹುಡುಗರಿಗೆ ನಾನೇ ಎಷ್ಟೋ ಸಲ ತೋರಿಸಿದ್ದೇನೆ.

ಎರಡು ಬೆರಳು ಮುಂದೆ ಎಂದು ಲೈಟು ಹೇಳಿತ್ತು.

ಗಾಳಿ ತಂಪಾಗಿದೆ. ಕಿವಿಗೆ ಗಾಳಿ ಕೂತಿರಬೇಕು. ಬಿಸಿ ಎಣ್ಣೆ ಬಿಡಿಸಿಕೊಂಡೆ.

೧೮ ನವೆಂಬರ್, ಮಂಗಳವಾರ

ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದೆ. ಮಗ್ಗದ ಕೋಣೆಯ ಬಾಗಿಲು ತೆರೆದಿತ್ತು. ಶಿವಬಸವ್ವ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಕೈ ಹಗ್ಗ ಜಗ್ಗುತ್ತಿತ್ತು. ಲಾಳಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡುತ್ತಿತ್ತು. ಕಾಲ ಕೆಳಗಿನ ನೆಲ ಸಣ್ಣಗೆ ಅದುರುತ್ತಿತ್ತು.

ಅಷ್ಟೇ. ಸದ್ದು ಇರಲಿಲ್ಲ.

ಅವಳು ನನ್ನನ್ನು ನೋಡಲಿಲ್ಲ. ನೀರು ಕುಡಿಯದೆ ಬಂದೆ.

೧೯ ನವೆಂಬರ್, ಬುಧವಾರ

ನಾಳೆ ಹುನಗುಂದಕ್ಕೆ ಹೋಗಿ ಅಮಾತೆಪ್ಪನವರಿಗೆ ಹೇಳುತ್ತೇನೆ.

೨೦ ನವೆಂಬರ್, ಗುರುವಾರ

ಬಸ್ಸು ತಪ್ಪಿತು.

೨೧ ನವೆಂಬರ್, ಶುಕ್ರವಾರ

ಬಸ್ಸು ತಪ್ಪಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ, ಹುನಗುಂದದ ಬಸ್ಸು ಬಂದು ನಿಂತದ್ದನ್ನು, ಜನ ಹತ್ತಿದ್ದನ್ನು, ಅದು ಹೊರಟದ್ದನ್ನು ನೋಡಿ ಬಂದೆ. ನಿನ್ನೆಯೂ ತಪ್ಪಿರಲಿಲ್ಲ.

೨೨ ನವೆಂಬರ್, ಶನಿವಾರ

ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಅಂಕ ಒಂದು, ಅಂಕ ಎರಡು ಎಂದು. ಅವರ ಎದುರಿಗೆ ಕುಳಿತಾಗ ಎಲ್ಲ ಉದುರಿ ಹೋಯಿತು.

“ಯಜಮಾನ್ರ, ತಪ್ಪು ನಂದು. ಲೈಟು ಸರಿಯಾಗಿ ತೋರಿಸಿತ್ತು. ನಾ ಕಿವಿ ನಂಬಿ ತಿರುವಿದ್ನಿ. ದುರ್ಗಪ್ಪ ಖರೇ ಹೇಳಿದ್ದ.”

ಅಮಾತೆಪ್ಪ ಏನೋ ಅಂದರು. ನಾನು ಬಾಗಿದೆ. ಅವರು ದನಿ ಏರಿಸಿ ಮತ್ತೊಮ್ಮೆ ಅಂದರು: “ಮುಗದ ಹೋತಲ್ಲ ಮಾಸ್ತರ. ಬ್ಯಾರೆ ಡ್ರೈವರ್ ಬಂದಾನ, ಅವನಿಗೆ ಮಾತು ಕೊಟ್ಟೀನಿ. ಎಂಜಿನ್ನು ಬಾಗಲಕೋಟಿಗೆ ಕಳಸ್ತೇನಿ, ನಿಮ್ಮ ಗ್ಯಾರೇಜಿನಿಂದ ನಮ್ಮ ಮಂದಿ ಒಯ್ತಾರ.”

“ದುರ್ಗಪ್ಪಂದು ಹೆಂಗ್ರಿ?”

“ಹನ್ನೊಂದು ವರ್ಷ ಅವ ನನಗ ಸುಳ್ಳು ಹೇಳಿರಲಿಲ್ಲ. ನಾಕು ಮಂದಿ ಮುಂದ ನಿಮ್ಮ ಮಾತು ನಂಬಿ ಅವನ್ನ ರಸ್ತಾದಾಗ ಇಳಿಸಿದ್ನಿ. ಈಗ ಯಾವ ಮುಖ ಇಟಗೊಂಡು ಕರೀಲಿ?” ಎಂದು ಅವರು ಎದ್ದರು. ಬಾಗಿಲಲ್ಲಿ ನಿಂತು, ಜೋರಾಗಿ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು: “ದವಾಖಾನಿಗೆ ಹೋಗ್ರಿ, ಮಾಸ್ತರ. ಕಿವಿ ತೋರಸ್ರಿ.”

ಹೊರಗೆ ನಿಂತ ಆಳುಗಳಿಗೂ ಅದು ಕೇಳಿಸಿತು.

೨೪ ನವೆಂಬರ್, ಸೋಮವಾರ

ದುರ್ಗಪ್ಪ ಊರಾಚೆಯ ಕಲ್ಲಿನ ಖಣಿಯಲ್ಲಿ ಕೂಲಿಗೆ ಇದ್ದಾನೆ ಎಂದು ತಿಳಿದು ಮಧ್ಯಾಹ್ನ ನಡೆದುಕೊಂಡು ಹೋದೆ. ಕಂಪ್ರೆಸರ್ ಓಡುತ್ತಿತ್ತು, ಇಬ್ಬರು ಬಂಡೆಗೆ ತೂತು ಕೊರೆಯುತ್ತಿದ್ದರು. ಆ ಸದ್ದು ನನಗೂ ಕೇಳಿಸಿತು. ಬೇರೆ ಏನೂ ಕೇಳಿಸದಷ್ಟು ಕೇಳಿಸಿತು. ಅವನು ತಲೆಗೆ ವಸ್ತ್ರ ಸುತ್ತಿಕೊಂಡು ಸುತ್ತಿಗೆ ಹಿಡಿದಿದ್ದ. ಸ್ಟೇರಿಂಗ್ ಹಿಡಿಯುತ್ತಿದ್ದ ಕೈಗೆ ಬಟ್ಟೆ ಕಟ್ಟಿತ್ತು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಒದರಿ ಹೇಳಿದೆನೋ, ಪಿಸುಮಾತಿನಲ್ಲಿ ಹೇಳಿದೆನೋ ನನಗೇ ತಿಳಿಯಲಿಲ್ಲ. ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ ಮಾತಾಡಿದ. ಬಹಳ ಹೊತ್ತು ಮಾತಾಡಿದ. ತುಟಿ ಓಡುತ್ತಿತ್ತು, ಕೊರಳಿನ ನರ ಉಬ್ಬುತ್ತಿತ್ತು, ಒಮ್ಮೆ ಕೈಯೆತ್ತಿ ಊರಿನ ಕಡೆ ತೋರಿಸಿದ. ನಡುವೆ ಮರೆವ್ವನ ಹೆಸರು ಬಂದಂತೆ ಕಂಡಿತು. ಬೈಯುತ್ತಿದ್ದನೋ, ಹೋಗಲಿ ಬಿಡ್ರಿ ಎನ್ನುತ್ತಿದ್ದನೋ, ಏನಾದರೂ ಬೇಡುತ್ತಿದ್ದನೋ. ಕೊನೆಗೆ ಮಾತು ನಿಲ್ಲಿಸಿ ನನ್ನ ಮುಖ ನೋಡಿದ, ಉತ್ತರಕ್ಕೆ ಕಾದವನಂತೆ.

ಕೇಳಿಸಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೌದು ಎಂದು ತಲೆ ಅಲ್ಲಾಡಿಸಿದೆ.

ಅವನು ಸುತ್ತಿಗೆ ಎತ್ತಿಕೊಂಡು ಬೆನ್ನು ತಿರುಗಿಸಿದ. ಯಾವುದಕ್ಕೆ ಹೌದು ಎಂದು ಬಂದೆನೋ ನನಗೆ ಗೊತ್ತಿಲ್ಲ.

ಖಣಿಯಲ್ಲಿ ಕಂಪ್ರೆಸರ್ ಶುರುವಾಗುವುದು ಏಳು ಗಂಟೆಗೆ, ಕೆಲಸದವರು ಬರುವುದು ಆರೂವರೆಗೆ ಎಂದು ಕಾವಲುಗಾರ ಬೆರಳು ತೋರಿಸಿ ತಿಳಿಸಿದ. ನಾಳೆ ಮುಂಜಾನೆ ಆರಕ್ಕೇ ಹೋಗಿ ಅವನ ದಾರಿಯಲ್ಲಿ ನಿಲ್ಲುತ್ತೇನೆ. ಬಂದ ಕೂಡಲೇ ಕಿವಿಯನ್ನು ಅವನ ಬಾಯಿಯ ಹತ್ತಿರ ಒಡ್ಡಿ, ನಿನ್ನೆ ಹೇಳಿದ್ದನ್ನು ಇನ್ನೊಮ್ಮೆ ಹೇಳಪ್ಪಾ, ನನಗೆ ಕಿವಿ ಕೇಳಿಸುವುದಿಲ್ಲ ಎನ್ನುತ್ತೇನೆ. ಬೈಗುಳವೇ ಆಗಿದ್ದರೂ ಮೊದಲಿನಿಂದ ಕಡೆಯವರೆಗೆ ಕೇಳಿಸಿಕೊಂಡು, ಆಮೇಲೆ ಹೌದೋ ಅಲ್ಲವೋ ಹೇಳುತ್ತೇನೆ.